ಮುದ್ರೆಯಿಲ್ಲದ ಅಧಿಕಾರ: ಪೋಲೆಂಡಿನ ಅರಮನೆಯಲ್ಲಿ ಉರ್ಷುಲಾ ಮೇಯರಿನ್

(ಉಪನ್ಯಾಸದ ಬರಹ ರೂಪ)

ಒಬ್ಬ ಸ್ತಾರೊಸ್ತಾ ತೀರಿಕೊಂಡ ಎಂದಿಟ್ಟುಕೊಳ್ಳಿ. ಕಾಲ 1620ರ ಆಸುಪಾಸು, ದೇಶ ಪೋಲೆಂಡ್-ಲಿಥುವೇನಿಯಾ. ಸ್ತಾರೊಸ್ತಾ ಎಂದರೆ ಅರಸನ ಪಾಲಿನ ಒಂದು ಕೋಟೆ, ಅದರ ಸುತ್ತಲ ಹಳ್ಳಿಗಳು, ಗಿರಣಿಗಳು, ಮೀನಿನ ಕೆರೆಗಳ ಉಸ್ತುವಾರಿ ಹೊತ್ತು, ಹುಟ್ಟುವಳಿಯ ಹೆಚ್ಚಿನ ಪಾಲನ್ನು ತಾನೇ ಉಣ್ಣುತ್ತಿದ್ದ ಜಹಗೀರುದಾರ. ಅವನ ಮನೆಯಿಂದ ಇನ್ನೂ ಹೆಣ ಎತ್ತಿರುವುದಿಲ್ಲ, ಅಷ್ಟರಲ್ಲೇ ಸೀಮೆಯ ಮೂರು ನಾಲ್ಕು ದೊಡ್ಡ ಮನೆಗಳ ಸವಾರರು ವಾರ್ಸಾದ ದಾರಿ ಹಿಡಿದಿರುತ್ತಾರೆ. ಪ್ರತಿಯೊಬ್ಬನ ಚೀಲದಲ್ಲೂ ಒಂದು ಕಟ್ಟು ಪತ್ರ. ಅರಸನಿಗೊಂದು, ರಾಣಿಗೊಂದು, ರಾಜಮುದ್ರೆ ಹಿಡಿದ ಮಂತ್ರಿ ಚಾನ್ಸಲರನಿಗೊಂದು, ಅರಮನೆಯ ಮಾರ್ಷಲನಿಗೊಂದು. ಇಷ್ಟು ಸಹಜವೇ. ಕಟ್ಟಿನಲ್ಲಿ ಮತ್ತೂ ಒಂದು ಪತ್ರ ಇರುತ್ತಿತ್ತು. ಅದರ ಮೇಲಿನ ಹೆಸರು ಒಬ್ಬ ಹೆಂಗಸಿನದು. ಆಕೆ ಪೋಲೆಂಡಿನವಳಲ್ಲ. ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ. ರಾಜ್ಯದ ಯಾವ ಮುದ್ರೆಯೂ ಆಕೆಯ ಕೈಯಲ್ಲಿರಲಿಲ್ಲ. ವಯಸ್ಸು ಐವತ್ತರ ಮೇಲೆ, ಆದರೂ ಅರಮನೆ ಆಕೆಯನ್ನು ಕರೆಯುತ್ತಿದ್ದುದು 'ಪನ್ನಾ ಉರ್ಷುಲಾ' ಎಂದು. ಪನ್ನಾ ಅಂದರೆ ಮದುವೆಯಾಗದವಳು.

ಪೂರ್ತಿ ಹೆಸರು ಉರ್ಷುಲಾ ಮೇಯರಿನ್. ಆ ಪತ್ರ ಆಕೆಯ ಕೈ ಸೇರಿದ ಮೇಲೆ ಏನಾಗುತ್ತಿತ್ತು, ಅದು ಆಕೆಗೇ ಏಕೆ ಹೋಗಬೇಕಿತ್ತು ಎಂಬುದು ತಿಳಿದರೆ ಆಗಿನ ಅರಸ ಝಿಗ್ಮುಂಟ್ 3ರ ಆಳ್ವಿಕೆಯ ಅರ್ಧ ಕಥೆ ತಿಳಿದ ಹಾಗೆ. ಸಾಮಾನ್ಯವಾಗಿ ಆಕೆಯ ಮಾತು ಬಂದಾಗ ಚರ್ಚೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಅರಸ ಇಟ್ಟುಕೊಂಡವಳೋ ಅಲ್ಲವೋ? ಆ ಪ್ರಶ್ನೆಗೂ ಬರೋಣ. ಮೊದಲು ಆಕೆ ಮಾಡುತ್ತಿದ್ದ ಕೆಲಸ ನೋಡೋಣ. ಅದನ್ನು ಯಾರೂ ಸರಿಯಾಗಿ ನೋಡುವುದಿಲ್ಲ ಎಂಬುದೇ ನಮ್ಮ ತಕರಾರು.

ಅರಸನ ಕೈಯಲ್ಲಿ ಏನಿತ್ತು

ಪೋಲೆಂಡಿನ ಅರಸ ನಮ್ಮ ಕಲ್ಪನೆಯ ಅರಸನಲ್ಲ. 1573ರಿಂದ ಅಲ್ಲಿ ಅರಸನನ್ನು ಚುನಾಯಿಸುತ್ತಿದ್ದರು, ಮತ ಹಾಕುತ್ತಿದ್ದವರು ಶ್ಲಾಖ್ತಾ ಎಂಬ ಕುಲೀನ ವರ್ಗದವರು. ಸೇಯ್ಮ್ ಎಂಬ ಸಭೆ ಒಪ್ಪದೆ ಅರಸ ಹೊಸ ತೆರಿಗೆ ಹಾಕುವ ಹಾಗಿಲ್ಲ, ಹೊಸ ಕಾನೂನು ಮಾಡುವ ಹಾಗಿಲ್ಲ. ಆಸ್ತಿಯುಳ್ಳ ಕುಲೀನನನ್ನು ತೀರ್ಪಿಲ್ಲದೆ ಸೆರೆ ಹಿಡಿಯುವ ಹಾಗಿಲ್ಲ. ಎರಡು ವರ್ಷಕ್ಕೊಮ್ಮೆ ಆರು ವಾರ ಸೇಯ್ಮ್ ಸೇರಿದಾಗ ಅರಸನೇ ಕೂತು ಬೈಗುಳ ಕೇಳಬೇಕು.

ಇಷ್ಟೆಲ್ಲ ಕಿತ್ತುಕೊಂಡ ಮೇಲೂ ಅವನ ಬಳಿ ಉಳಿದಿದ್ದ ಒಂದು ದೊಡ್ಡ ಹಕ್ಕೆಂದರೆ ನೇಮಕ. ಪ್ರಾಂತ್ಯದ ವೊಯೆವೊಡಾ, ಕೋಟೆಯ ಕಾಸ್ಟೆಲನ್, ಬಿಷಪ್, ಚಾನ್ಸಲರ್, ದಂಡನಾಯಕ ಹೆಟ್ಮನ್, ಈ ಎಲ್ಲ ಹುದ್ದೆಗಳೂ ಅರಸನ ಕೈಯಿಂದಲೇ ಬರಬೇಕು. ಹೆಟ್ಮನ್ ಒಬ್ಬನನ್ನು ಬಿಟ್ಟರೆ, ಸೇಯ್ಮಿನ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಹುದ್ದೆಯ ಬಲದಿಂದಲೇ ಕೂರುವವರು ಇವರು. ಜೊತೆಗೆ ಸ್ತಾರೊಸ್ತಾಗಳ ಭೂಮಿ. ಅದರ ಆದಾಯದಲ್ಲಿ ನಾಲ್ಕನೇ ಒಂದು ಪಾಲನ್ನು ಗಡಿಯ ಸೈನ್ಯಕ್ಕೆ ಕೊಡಬೇಕೆಂದು 1563ರಲ್ಲಿ ಗೊತ್ತುಮಾಡಿದ್ದರು. ಉಳಿದದ್ದರಲ್ಲಿ ಒಂದು ಮನೆತನ ಮೇಲೇಳಬಹುದಿತ್ತು.

ಇದರಲ್ಲೊಂದು ಗಂಟು ಇದೆ. ಕೊಟ್ಟ ಹುದ್ದೆ ಆಜೀವ. ಒಮ್ಮೆ ಕೊಟ್ಟ ಮೇಲೆ ಅರಸ ಅದನ್ನು ಹಿಂದಕ್ಕೆ ಪಡೆಯುವ ಹಾಗಿಲ್ಲ, ಪಡೆದವನು ಮರುದಿನವೇ ಅರಸನ ವಿರುದ್ಧ ಮಾತಾಡಬಹುದು, ಎಷ್ಟೋ ಮಂದಿ ಮಾತಾಡಿದರು. ಹಾಗಾಗಿ ಅರಸನ ಬಲವೆಲ್ಲ ಒಬ್ಬ ಸತ್ತು ಇನ್ನೊಬ್ಬ ನೇಮಕವಾಗುವ ನಡುವಿನ ಆ ಕೆಲವು ವಾರ, ಕೆಲವು ತಿಂಗಳಲ್ಲಿ ಇತ್ತು. ಖಾಲಿ ಜಾಗವನ್ನು ಅವರು 'ವಾಕಾನ್ಸ್' ಎನ್ನುತ್ತಿದ್ದರು. ಆಸೆ ಇರುವ ತನಕ ಹತ್ತು ಮಂದಿ ವಿಧೇಯರು. ಹುದ್ದೆ ಕೈಬಿಟ್ಟ ದಿನ ಒಬ್ಬ ಕೃತಜ್ಞ, ಒಂಬತ್ತು ಮಂದಿ ಮುನಿಸಿಕೊಂಡವರು. ಝಿಗ್ಮುಂಟ್ ಇದನ್ನು ಚೆನ್ನಾಗಿ ಅರಿತಿದ್ದ, ಬೇಕೆಂದೇ ತಡ ಮಾಡುತ್ತಿದ್ದ. ಅವನ ಮೂರು ಗುಣಗಳನ್ನು ಲ್ಯಾಟಿನ್ನಿನ ಒಂದೇ ಅಕ್ಷರದಿಂದ ಶುರುವಾಗುವ ಮೂರು ಪದಗಳಲ್ಲಿ ಜನ ಕಟ್ಟಿಹಾಕಿದ್ದರು: ಮೌನ, ನಿಧಾನ, ಹಟ. ತಂದೆಯಿಂದ ಬಂದಿದ್ದ ಸ್ವೀಡನ್ನಿನ ಸಿಂಹಾಸನ ಕೈತಪ್ಪಿದ್ದಕ್ಕೂ ಈ ಮೂರನ್ನೇ ದೂರಿದರು.

ಮಾತಾಡದ ಅರಸ, ಆಜೀವದ ಹುದ್ದೆ, ಹತ್ತು ಮಂದಿ ಆಕಾಂಕ್ಷಿಗಳು. ಇಂಥ ಕಡೆ ಅರಸನ ಮನಸ್ಸಿನಲ್ಲಿ ಏನಿದೆ ಎಂದು ಬಲ್ಲವರಿಗೆ, ಅವನು ಕಿವಿಗೊಡುವ ಹೊತ್ತು ಬಲ್ಲವರಿಗೆ, ಬೆಲೆ ಬಾರದೆ ಇರುತ್ತದೆಯೇ?

ಮ್ಯೂನಿಕ್‌ನಿಂದ ಕ್ರಾಕೋವ್‌ಗೆ

ಉರ್ಷುಲಾ ಹುಟ್ಟಿದ್ದು 1570ರಲ್ಲಿ, ಬವೇರಿಯಾದ ಮ್ಯೂನಿಕ್ ಬಳಿ. ಹುಟ್ಟುಮನೆಯ ಹೆಸರು ಗೀಂಗರ್ ಎನ್ನುವವರಿದ್ದಾರೆ. 'ಮೇಯರಿನ್' ಎಂಬುದರ ಕೊನೆಯ 'ಇನ್' ಜರ್ಮನ್ನಿನ ಸ್ತ್ರೀಲಿಂಗ ಪ್ರತ್ಯಯ. ನಮ್ಮಲ್ಲಿ ಗೌಡ ಗೌಡತಿಯಾದಂತೆ ಅಲ್ಲಿ ಮೇಯರ್ ಮೇಯರಿನ್ ಆಗುತ್ತದೆ. ಮೇಯರ್ ಎಂಬುದರ ಮೂಲಾರ್ಥ ಮನೆವಾರ್ತೆ ನೋಡುವ ಮೇಲಾಳು, ಪಾರುಪತ್ಯಗಾರ. ಹಾಗಾಗಿ ಅದು ಮನೆತನದ ಹೆಸರಲ್ಲ, ಕೆಲಸದಿಂದ ಅಂಟಿಕೊಂಡ ಹೆಸರು ಎಂಬ ವಿವರಣೆಯೂ ಇದೆ.

ಆಕೆಯನ್ನು ಪೋಲೆಂಡಿಗೆ ತಂದದ್ದು ಒಂದು ಮದುವೆ. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಹ್ಯಾಪ್ಸ್‌ಬರ್ಗ್ ವಂಶದ ಒಂದು ಶಾಖೆ ಆಳುತ್ತಿತ್ತು. ಅಲ್ಲಿನ ಆರ್ಚ್‌ಡಚೆಸ್ ಮರಿಯಾ ಬವೇರಿಯಾದ ಮಗಳು, ಹದಿನೈದು ಮಕ್ಕಳ ತಾಯಿ, ಗಂಡ ಸತ್ತ ಮೇಲೆ ಆ ಮಕ್ಕಳ ಮದುವೆಗಳನ್ನೇ ರಾಜ್ಯತಂತ್ರವಾಗಿ ನಡೆಸಿದ ಗಟ್ಟಿಗಿತ್ತಿ. ಆಕೆಯ ಮಗಳು ಅನ್ನಾ 1592ರ ಮೇ 31ರಂದು ಕ್ರಾಕೋವ್‌ನ ವಾವೆಲ್ ಗುಡ್ಡದ ಮೇಲೆ ಝಿಗ್ಮುಂಟನ ಕೈಹಿಡಿದಳು. ವಧುವಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮಗಳ ಜೊತೆ ಬಂದ ಹೆಂಗಸರ ಗುಂಪಿನಲ್ಲಿ ಇಪ್ಪತ್ತೆರಡರ ಉರ್ಷುಲಾ ಇದ್ದಳು.

ಆ ಮದುವೆಯೇ ವಿವಾದದ್ದು. ಚಾನ್ಸಲರ್ ಯಾನ್ ಝಾಮೊಯ್ಸ್ಕಿಗೆ ಹ್ಯಾಪ್ಸ್‌ಬರ್ಗ್ ನಂಟು ಬೇಡವಾಗಿತ್ತು. ಅರಸ ಪೋಲೆಂಡಿನ ಕಿರೀಟವನ್ನು ಹ್ಯಾಪ್ಸ್‌ಬರ್ಗರಿಗೆ ಬಿಟ್ಟುಕೊಡಲು ಗುಟ್ಟಾಗಿ ಮಾತಾಡಿದ್ದಾನೆ ಎಂಬ ಆರೋಪದ ಮೇಲೆ ಅದೇ 1592ರ ಸೆಪ್ಟೆಂಬರಿನಲ್ಲಿ 'ವಿಚಾರಣೆಯ ಸೇಯ್ಮ್' ಸೇರಿತು. ಪರದೇಶದ ಹೆಂಗಸರ ಮೇಲೆ ಇಡೀ ದೇಶದ ಕಣ್ಣಿದ್ದ ಕಾಲ ಅದು. ಉರ್ಷುಲಾ ಪೋಲಿಷ್ ಕಲಿತಳು, ಚೆನ್ನಾಗಿಯೇ ಕಲಿತಳು. ಸಣ್ಣ ಸಂಗತಿ ಎನಿಸಬಹುದು, ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ. ರಾಣಿಯ ಕೋಣೆಯಲ್ಲಿ ಜರ್ಮನ್, ಅರಮನೆಯ ಹಜಾರದಲ್ಲಿ ಪೋಲಿಷ್. ಎರಡರ ನಡುವೆ ಓಡಾಡಬಲ್ಲವರು ಬೇಕಿತ್ತು.

ಬೀಗದ ಕೈ

ರಾಣಿಯ ಹೆಂಗಸರ ಪಾಳೆಯಕ್ಕೆ ಪೋಲಿಷಿನಲ್ಲಿ 'ಫ್ರೌತ್ಸಿಮೆರ್' ಎನ್ನುತ್ತಿದ್ದರು, ಜರ್ಮನ್ ಪದವೇ ಪೋಲಿಷಾದದ್ದು. ನಾವು ರಾಣಿವಾಸ ಎನ್ನಬಹುದು, ಆದರೆ ಪರದೆ ಎಳೆದ ಜಾಗವಲ್ಲ. ಮೇಲಿನವಳು ಒಖ್ಮಿಸ್ತ್‌ಶಿನಿ, ಅಂದರೆ ಆ ಪಾಳೆಯದ ಯಜಮಾನಿ. ಉರ್ಷುಲಾಳನ್ನು ಇತಿಹಾಸಕಾರರು ಸಾಮಾನ್ಯವಾಗಿ ಕರೆಯುವುದು ಈ ಪದದಿಂದ. ಆಕೆಯ ಕೆಳಗೆ ಕುಲೀನ ಮನೆಗಳಿಂದ ಬಂದ ಹೆಣ್ಣುಮಕ್ಕಳು, ಅವರ ಕೆಳಗೆ ಕೋಣೆ ನೋಡುವವರು, ಬಟ್ಟೆ ಒಗೆಯುವವರು, ಮಕ್ಕಳ ದಾದಿಯರು.

ಹ್ಯಾಪ್ಸ್‌ಬರ್ಗ್ ಅರಮನೆಗಳಲ್ಲಿ ಇದಕ್ಕೆ ಬರೆದಿಟ್ಟ ಕಟ್ಟಳೆಗಳಿದ್ದವು. ರಾತ್ರಿ ಬಾಗಿಲಿಗೆ ಬೀಗ, ಬೀಗದ ಕೈ ಯಜಮಾನಿಯ ಬಳಿ. ಗಂಡಸರು ಬಂದು ಮಾತಾಡಲು ಗೊತ್ತಾದ ಹೊತ್ತು, ಗೊತ್ತಾದ ಕೋಣೆ. ಹುಡುಗಿಯರಿಗೆ ಬರುವ ಪತ್ರ, ಅವರಿಂದ ಹೋಗುವ ಪತ್ರ ಯಜಮಾನಿಯ ಕಣ್ಣು ತಪ್ಪುವ ಹಾಗಿಲ್ಲ. ಮಗಳನ್ನು ಅರಮನೆಗೆ ಕಳಿಸಿದ ತಂದೆ ಆಕೆಯ ಮಾನವನ್ನು ಈ ಯಜಮಾನಿಯ ಕೈಗೆ ಒಪ್ಪಿಸಿದ ಲೆಕ್ಕ.

ಒಪ್ಪಿಸುತ್ತಿದ್ದುದು ಏಕೆ? ಮದುವೆಗಾಗಿ. ಅರಮನೆಯ ಹುಡುಗಿಯ ಮದುವೆ ಅರಸನ ಎದುರಿಗೇ ನಡೆಯುತ್ತಿತ್ತು, ಅರಸ ವರದಕ್ಷಿಣೆಗೆ ಸೇರಿಸುತ್ತಿದ್ದ, ವರನಿಗೆ ಒಳ್ಳೆಯ ಸ್ತಾರೊಸ್ತಾ ಹುದ್ದೆ ಸಿಗುವ ಸಂಭವ ಇರುತ್ತಿತ್ತು. ಯಾವ ಹುಡುಗಿಯನ್ನು ಸೇರಿಸಿಕೊಳ್ಳುವುದು, ಯಾವ ವರ ಬಂದು ನೋಡಬಹುದು ಎಂಬ ಮಾತಿನಲ್ಲಿ ಯಜಮಾನಿಗೆ ದನಿ ಇತ್ತು. ಹೀಗೆ ಮದುವೆಯಾಗಿ ಹೋದ ಹುಡುಗಿ ಮುಂದೆ ಎಲ್ಲೋ ಲಿಥುವೇನಿಯಾದಲ್ಲಿ ಒಬ್ಬ ಸೆನೆಟರನ ಹೆಂಡತಿ. ಹಳೆಯ ಯಜಮಾನಿಗೆ ಪತ್ರ ಬರೆಯುವುದು ಅವಳಿಗೆ ವಾಡಿಕೆ. ನಲವತ್ತು ವರ್ಷ ಒಂದೇ ಜಾಗದಲ್ಲಿದ್ದವಳಿಗೆ ಇಂಥ ಎಷ್ಟು ಮನೆಗಳು ಆಗಿರಬಹುದು, ನೀವೇ ಯೋಚಿಸಿ.

ರಾಣಿ ಇಲ್ಲದ ಏಳು ವರ್ಷ

1598ರ ಫೆಬ್ರವರಿ 10ರಂದು ರಾಣಿ ಅನ್ನಾ ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಆಗ ರಾಜಕುಮಾರ ವ್ಲಾಡಿಸ್ಲಾವನಿಗೆ ಎರಡು ವರ್ಷ ಎಂಟು ತಿಂಗಳು. ಅವನ ಅಕ್ಕ ಅನ್ನಾ ಮರಿಯಾಳಿಗೆ ಐದು ವರ್ಷ ತುಂಬುತ್ತಿತ್ತು, ಆಕೆಯೂ ಮುಂದೆ 1600ರಲ್ಲಿ ತೀರಿಕೊಂಡಳು. ಅರಸ ಅದೇ ಬೇಸಿಗೆಯಲ್ಲಿ ಸ್ವೀಡನ್ನಿನ ಸಿಂಹಾಸನ ಉಳಿಸಿಕೊಳ್ಳಲು ಹಡಗು ಹತ್ತಿದ, ಸೋತು ವಾಪಸಾದ.

ವಾಡಿಕೆಯಂತೆ ರಾಣಿ ಸತ್ತರೆ ಆಕೆಯ ಪರದೇಶಿ ಹೆಂಗಸರು ಗಂಟುಮೂಟೆ ಕಟ್ಟಬೇಕು. ಇಲ್ಲಿ ಕಟ್ಟಲಾಗಲಿಲ್ಲ, ಮಕ್ಕಳಿದ್ದರಲ್ಲ. ಉರ್ಷುಲಾ ಉಳಿದಳು, ಮಕ್ಕಳ ಆರೈಕೆ ಆಕೆಯ ಕೈಗೆ ಬಂತು. ನಮ್ಮ ಲೆಕ್ಕದಲ್ಲಿ ಆಕೆಯ ಅಧಿಕಾರದ ಬೇರು ಇಳಿದದ್ದು ಇಲ್ಲೇ, ಮುಂದೆ ಬಂದ ದೊಡ್ಡ ದಿನಗಳಲ್ಲಲ್ಲ. 1598ರಿಂದ 1605ರ ಕೊನೆಯವರೆಗೆ ಅರಮನೆಯಲ್ಲಿ ರಾಣಿಯಿಲ್ಲ. ಅರಸ ಮಗನನ್ನು ನೋಡಬೇಕೆಂದರೆ ಬರಬೇಕಾದ ಕೋಣೆ ಉರ್ಷುಲಾಳದು. ಮಗುವಿಗೆ ಜ್ವರವೋ, ಹೊಸ ಬಟ್ಟೆಯೋ, ಯಾವ ದಾದಿ ಇರಬೇಕೋ, ಎಲ್ಲ ಮಾತೂ ಅವರಿಬ್ಬರ ನಡುವೆ, ಜರ್ಮನ್ನಿನಲ್ಲಿ. ಹೊರಗೆ ಬಾಯಿ ಬಿಡದ ಅರಸ ದಿನವೂ ಮಾತಾಡಲೇಬೇಕಾದ ವ್ಯಕ್ತಿ ಆಕೆಯಾದಳು. ಅತ್ತ ಗ್ರಾಟ್ಸ್‌ನ ಅಜ್ಜಿ ಮರಿಯಾಳಿಗೆ ಮೊಮ್ಮಗನ ಸುದ್ದಿ ಬೇಕು. ಹೊಸ ಸಂಬಂಧದ ಮಾತೂ ನಡೆಯಬೇಕು. ಎರಡಕ್ಕೂ ನಂಬಿಕೆಯ ಕೊಂಡಿ ಬೇಕಿತ್ತು.

ಆ ಸಂಬಂಧ ಕೊನೆಗೆ ಕುದುರಿದ್ದು ಸತ್ತ ರಾಣಿಯ ತಂಗಿ ಕಾನ್ಸ್ಟನ್ಸ್ ಜೊತೆ. ಝಾಮೊಯ್ಸ್ಕಿ 1605ರ ಸೇಯ್ಮಿನಲ್ಲಿ ಇದನ್ನೂ ವಿರೋಧಿಸಿದ, ಅದೇ ಜೂನ್ 3ರಂದು ತೀರಿಕೊಂಡ. ಡಿಸೆಂಬರ್ 4ರಂದು ವಧುವಿನ ಮೆರವಣಿಗೆ ಕ್ರಾಕೋವ್ ಹೊಕ್ಕಿತು, 11ರಂದು ಮದುವೆ. ಆ ಮೆರವಣಿಗೆಯನ್ನು ಸುಮಾರು 15 ಮೀಟರ್ ಉದ್ದದ ಕಾಗದದ ಸುರುಳಿಯ ಮೇಲೆ ಬಣ್ಣದಲ್ಲಿ ಬರೆಸಿದ್ದರು. ಸ್ವೀಡನ್ನಿನ ಸೈನ್ಯ ಹೊತ್ತೊಯ್ದ ಆ ಸುರುಳಿ 1974ರಲ್ಲಿ ಪೋಲೆಂಡಿಗೆ ಮರಳಿತು. ಅದನ್ನು ನೋಡಿದರೆ ಯಾರ ಹಿಂದೆ ಯಾರು, ಯಾರ ಕುದುರೆಗೆ ಎಂಥ ಜೀನು ಎಂಬುದೆಲ್ಲ ತಿಳಿಯುತ್ತದೆ. ಹೊರಗಣ ಅಂತಸ್ತಿನ ನಕ್ಷೆ ಅದು. ಉರ್ಷುಲಾಳ ಅಧಿಕಾರ ಅಂಥ ನಕ್ಷೆಯಲ್ಲಿ ಮೂಡುವಂಥದ್ದಲ್ಲ. ಹದಿನೇಳು ತುಂಬುತ್ತಿದ್ದ ಹೊಸ ರಾಣಿ ಗಾಡಿಯಿಂದ ಇಳಿದಾಗ ಆ ಅರಮನೆಯನ್ನು ಹದಿಮೂರು ವರ್ಷದಿಂದ ಬಲ್ಲ, ತನ್ನದೇ ಭಾಷೆಯ, ತನ್ನ ಅಕ್ಕನ ಕಾಲದ ಹೆಂಗಸೊಬ್ಬಳು ಒಳಗೆ ಕಾದಿದ್ದಳು. ಕಾನ್ಸ್ಟನ್ಸ್ ಆಕೆಯನ್ನು ದೂರ ಮಾಡಲಿಲ್ಲ, ಆಕೆಯ ಮೇಲೆಯೇ ಒರಗಿದಳು.

ಒಂದು ಪತ್ರದ ದಾರಿ

ಈಗ ಮೊದಲಿನ ಸವಾರನ ಚೀಲಕ್ಕೆ ಬರೋಣ. ಪತ್ರ ಹೇಗಿರುತ್ತಿತ್ತು? ದೊಡ್ಡ ಹಾಳೆಯನ್ನು ನಡುವೆ ಮಡಿಸಿ ನಾಲ್ಕು ಮಗ್ಗುಲು ಮಾಡುತ್ತಿದ್ದರು. ಮೇಲೆ ಸಂಬೋಧನೆ, ಅದರ ಕೆಳಗೆ ಖಾಲಿ ಜಾಗ. ಗೌರವ ಹೆಚ್ಚಿದಷ್ಟೂ ಖಾಲಿ ಜಾಗ ಹೆಚ್ಚು. ಒಡಲನ್ನು ಬರೆಯುವುದು ಗುಮಾಸ್ತ, ಕೆಳಗಿನ 'ಸೇವೆಗೆ ಸಿದ್ಧನಿರುವ' ಎಂಬ ಸಾಲು ಮತ್ತು ಸಹಿ ಧಣಿಯ ಸ್ವಹಸ್ತ. ಇಡೀ ಪತ್ರವೇ ಸ್ವಹಸ್ತದ್ದಾದರೆ ಅದೊಂದು ಮರ್ಯಾದೆ, ಜೊತೆಗೆ ಗುಟ್ಟಿಗೆ ಭದ್ರ. ಬಳಿಕ ಅಂಗೈಯಗಲಕ್ಕೆ ಮಡಿಸಿ, ಅರಗು ಸುರಿದು, ಉಂಗುರ ಒತ್ತುವುದು. ಹೊರಗೆ ಪಡೆಯುವವರ ಬಿರುದುಗಳೆಲ್ಲ ತಪ್ಪಿಲ್ಲದೆ ಇರಬೇಕು. ಒಂದು ಬಿರುದು ಬಿಟ್ಟರೆ ಕೆಲಸ ಅಲ್ಲೇ ಕೆಟ್ಟಿತು.

ಒಳಗೆ ಮುಖ್ಯ ಪತ್ರದ ಜೊತೆ 'ತ್ಸೆದುವಾ' ಎಂಬ ಸಣ್ಣ ಚೀಟಿ ಇರುತ್ತಿತ್ತು. ಮುಖ್ಯ ಪತ್ರದಲ್ಲಿ ಕುಶಲ, ಹಬ್ಬದ ಹಾರೈಕೆ, ಅರಸನ ಆರೋಗ್ಯದ ಪ್ರಾರ್ಥನೆ. ಅದನ್ನು ಯಾರ ಎದುರಾದರೂ ಓದಬಹುದು. ನಿಜವಾದ ಬೇಡಿಕೆ ಚೀಟಿಯಲ್ಲಿ: ಇಂಥವನು ಸತ್ತಿದ್ದಾನೆ, ಇಂಥ ಜಾಗ ಖಾಲಿ, ಮಗನಿಗೆ ಸಿಗುವಂತೆ ಒಂದು ಮಾತು ಹಾಕಬೇಕು. ಚೀಟಿಯನ್ನು ತೆಗೆದು ಬೆಂಕಿಗೆ ಹಾಕಿದರೆ ಉಳಿದದ್ದು ನಿರುಪದ್ರವಿ ಪತ್ರ. ಇಂದು ಕಡತ ತೆರೆದಾಗ ಎಷ್ಟೋ ಪತ್ರಗಳು ಬರೀ ಕುಶಲೋಪರಿಯಂತೆ ಕಾಣುವುದು ಇದೇ ಕಾರಣಕ್ಕೆ.

ಉರ್ಷುಲಾಗೆ ಬಂದ ಪತ್ರ ಚಾನ್ಸಲರಿಗೆ ಹೋಗುವ ಪತ್ರದಂತಲ್ಲ. ಚಾನ್ಸಲರ್ ಸಭೆಯಲ್ಲಿ, ಸಾಕ್ಷಿಗಳ ಎದುರು ಅರಸನಲ್ಲಿ ಕೇಳುತ್ತಾನೆ. ಅರಸ ಅಲ್ಲಿ ಸುಮ್ಮನಿರುತ್ತಾನೆ. ಉರ್ಷುಲಾ ಮಾತು ಎತ್ತುವುದು ರಾಣಿಯ ಕೋಣೆಯಲ್ಲಿ, ಅರ್ಜಿಯ ಹೊತ್ತು ಮುಗಿದ ಮೇಲೆ. ಅರಸನಿಗೆ ಸಂಗೀತ, ಚಿತ್ರ ಬರೆಯುವುದು, ಚಿನ್ನದ ಕುಸುರಿ ಕೆಲಸ ಪ್ರಿಯ, ಅಂಥ ಬಿಡುವಿನ ಹೊತ್ತು ಯಾವುದು ಎಂದು ಮನೆಯೊಳಗಿನವರಿಗೆ ತಿಳಿದಿರುತ್ತಿತ್ತು. 1616ರವರೆಗೆ ಅರಸನ ಕೋಣೆಯ ಬಾಗಿಲನ್ನು ಕಾಯುತ್ತಿದ್ದವನು ಆಂದ್ಜೇಯ್ ಬೊಬೋಲಾ, ಅರಸನ ಆಪ್ತ ಮುದುಕ. ಅವನು ಸತ್ತ ಮೇಲೆ ಅಷ್ಟು ಹತ್ತಿರದವರು ಉಳಿದದ್ದು ಬೆರಳೆಣಿಕೆ. ಪನ್ನಾ ಉರ್ಷುಲಾಳ ಹೆಸರು ಪತ್ರಗಳಲ್ಲಿ ಹೆಚ್ಚಾಗುವುದು ಆಮೇಲೆ.

ಅರಸ ಒಪ್ಪಿದ ಎಂದುಕೊಳ್ಳಿ. ಕೆಲಸ ಇನ್ನೂ ಮುಗಿಯಲಿಲ್ಲ. ಕಾರ್ಯದರ್ಶಿ ಸನ್ನದು ಬರೆಯಬೇಕು, ಅರಸ ಸಹಿ ಹಾಕಬೇಕು, ಚಾನ್ಸಲರನ ದೊಡ್ಡ ಮುದ್ರೆಯೋ ಉಪಚಾನ್ಸಲರನ ಚಿಕ್ಕ ಮುದ್ರೆಯೋ ಬೀಳಬೇಕು. ಎರಡೂ ಸಮಾನ ಬಲದವು, ಒಬ್ಬ ತಕರಾರು ಮಾಡಿದರೆ ಇನ್ನೊಬ್ಬನ ಬಳಿ ಹೋಗಬಹುದು. ಲಿಥುವೇನಿಯಾದ್ದಾದರೆ ಅಲ್ಲಿನ ಮುದ್ರೆಯೇ ಬೇಕು. ಆಮೇಲೆ ಸರಕಾರಿ ದಫ್ತರದಲ್ಲಿ ನಕಲು. ಇದು ಯಾವುದಕ್ಕೂ ಉರ್ಷುಲಾಳ ಸಹಿ ಬೇಕಿಲ್ಲ. ಅದೇ ಆಕೆಯ ರಕ್ಷಣೆಯೂ ಆಗಿತ್ತು. ಸೇಯ್ಮಿನಲ್ಲಿ ಎದ್ದು ನಿಂತು ದೂರುವವನಿಗೆ ತೋರಿಸಲು ಒಂದು ಕಾಗದವೂ ಸಿಗದು.

ಎಲ್ಲಿ ಕೆಡುತ್ತಿತ್ತು? ಮೊದಲನೆಯದು, ದಾರಿ. ಚಳಿಗಾಲದ ಗಟ್ಟಿ ಹಿಮದಲ್ಲಿ ಸವಾರ ಬೇಗ ಬರುತ್ತಾನೆ. ಹಿಮ ಕರಗುವ ವಸಂತದಲ್ಲಿ ಮೊಣಕಾಲುದ್ದ ಕೆಸರು, ವಿಸ್ತುಲಾ ನದಿಯಲ್ಲಿ ತೇಲುವ ಮಂಜುಗಡ್ಡೆ. ಎರಡು ದಿನ ತಡವಾದರೆ ಇನ್ನೊಬ್ಬನ ಪತ್ರ ಮೊದಲು. 1609ರಿಂದ 1611ರವರೆಗೆ ಅರಸ ರಷ್ಯದ ಸ್ಮೊಲೆನ್ಸ್ಕ್ ಕೋಟೆಯ ಮುತ್ತಿಗೆಯ ಪಾಳೆಯದಲ್ಲಿ, ರಾಣಿಯ ಆಸ್ಥಾನ ಲಿಥುವೇನಿಯಾದ ವಿಲ್ನಾದಲ್ಲಿ. ಆಗ ಎರಡೂ ಕಡೆ ಪತ್ರ ಕಳಿಸಬೇಕಾಯಿತು, ಒಂದು ಕಡೆಯ ಮಾತು ಇನ್ನೊಂದು ಕಡೆಗೆ ತಿಳಿಯುವಷ್ಟರಲ್ಲಿ ವಾರಗಳು. ಎರಡನೆಯದು, ಅರಸ ಆಗಲೇ ಬೇರೆಯವರಿಗೆ ಮಾತು ಕೊಟ್ಟಿರುವುದು. ಆ ಹಟದ ಮನುಷ್ಯ ಕೊಟ್ಟ ಮಾತಿನಿಂದ ಜಗ್ಗುವವನಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಬಾಯಿಬಡುಕತನ. 'ನನ್ನ ಕೆಲಸ ಆಯಿತು, ಪನ್ನಾ ಉರ್ಷುಲಾ ಹೇಳಿದ್ದಾರೆ' ಎಂದು ಔತಣದಲ್ಲಿ ಹೇಳಿಕೊಂಡವನ ಕೆಲಸ ಕೆಟ್ಟಿತೆಂದೇ ಲೆಕ್ಕ. ಹೆಂಗಸೊಬ್ಬಳ ಮಾತಿಗೆ ಮಣಿದ ಎನ್ನಿಸಿಕೊಳ್ಳಲು ಯಾವ ಅರಸ ಒಪ್ಪುತ್ತಾನೆ?

ಒಂದೇ ಜಾಗಕ್ಕೆ ಇಬ್ಬರೂ ಆಕೆಗೇ ಬರೆದಾಗ ಒಬ್ಬನಿಗೆ ಇಲ್ಲವೆನ್ನಲೇಬೇಕು. ಇಲ್ಲವೆನಿಸಿಕೊಂಡವನು ಅರಸನನ್ನು ಬೈಯಲಾರ, ಆಕೆಯನ್ನು ಬೈಯುತ್ತಾನೆ. ಅರಸನ ಮೇಲೆ ಬೀಳಬೇಕಾದ ಮುನಿಸಿನ ಒಂದು ಪಾಲನ್ನು ತನ್ನ ಮೈಮೇಲೆ ತೆಗೆದುಕೊಳ್ಳುವುದು ಕೂಡ ಆಕೆಯ ಕೆಲಸದ ಒಳಗೇ ಇತ್ತು ಎಂದು ನಮಗನಿಸುತ್ತದೆ.

ಬೈಗುಳಗಳು

ಬೈಗುಳ ಸಾಕಷ್ಟು ಬಿದ್ದವು. 'ಲಂಗ ತೊಟ್ಟ ಮಂತ್ರಿ' ಎಂದರು. ಜೆಸ್ಯೂಟ್ ಪಾದ್ರಿಗಳ ಕೈಗೊಂಬೆ ಎಂದರು. ಅರಸನ ಉಪಪತ್ನಿ ಎಂದರು.

ಜೆಸ್ಯೂಟರ ನಂಟು ನಿಜ. ಆಕೆ ಕಟ್ಟಾ ಕ್ಯಾಥೊಲಿಕ್, ಜೆಸ್ಯೂಟರ ಬೆಂಬಲಿಗಳು. ಈ ಆಳ್ವಿಕೆಯಲ್ಲಿ ಪ್ರಾಟೆಸ್ಟಂಟ್ ಕುಲೀನರಿಗೆ ಸೆನೆಟ್ಟಿನ ಜಾಗಗಳು ಸಿಗುವುದು ಕಡಿಮೆಯಾಗುತ್ತ ಹೋಯಿತು, ಪೀಠಕ್ಕಾಗಿ ಎಷ್ಟೋ ಮನೆತನಗಳು ಮತ ಬದಲಿಸಿದವು. ಆ ಒತ್ತಡದಲ್ಲಿ ಆಕೆಯ ಕೈಯೂ ಇತ್ತು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಲಿಥುವೇನಿಯಾದ ಚಾನ್ಸಲರ್ ಆಲ್ಬ್ರೆಖ್ತ್ ಸ್ತಾನಿಸ್ವಾವ್ ರಾಡ್ಜಿವಿಲ್ ಕ್ಯಾಥೊಲಿಕ್, ಅವನದೇ ವಂಶದ ಕ್ಶಿಷ್ತೊಫ್ ರಾಡ್ಜಿವಿಲ್ ಕ್ಯಾಲ್ವಿನ್ ಎಂಬ ಪ್ರಾಟೆಸ್ಟಂಟ್ ಪಂಥದ ಸೇನಾನಿ. ಅರಸನ ಕೃಪೆಯಲ್ಲಿ ಇಬ್ಬರಿಗೂ ಇದ್ದ ಅಂತರ ಸಮಕಾಲೀನರಿಗೆ ಎದ್ದು ಕಾಣುತ್ತಿತ್ತು.

ವಿದೇಶಿಯರ ಮೇಲಿನ ಸಿಟ್ಟಿಗೂ ಕಾರಣಗಳಿದ್ದವು. 1606ರಲ್ಲಿ ಮಿಕೊವಾಯ್ ಝೆಬ್ಝಿಡೊವ್ಸ್ಕಿಯ ಮುಂದಾಳ್ತನದಲ್ಲಿ ಕುಲೀನರು ಬಂಡೆದ್ದರು. ಜೆಸ್ಯೂಟರನ್ನೂ ವಿದೇಶಿಯರನ್ನೂ ಅರಮನೆಯಿಂದ ಹೊರಹಾಕಿ ಎಂಬುದು ಅವರ ಬೇಡಿಕೆಗಳಲ್ಲಿ ಒಂದು. 1607ರ ಜುಲೈನಲ್ಲಿ ಗುಝೂಫ್ ಕದನದಲ್ಲಿ ಸೋತರು, ಆದರೆ ಬೇಡಿಕೆ ಮರೆಯಲಿಲ್ಲ. 1619ರಲ್ಲಿ ರಾಣಿಯ ಅಣ್ಣ ಫರ್ಡಿನಾಂಡ್ ಪವಿತ್ರ ರೋಮನ್ ಸಾಮ್ರಾಟನಾದ. ಅವನ ಸಹಾಯಕ್ಕೆ ಪೋಲೆಂಡಿನ ಕುದುರೆ ಸವಾರರು ಹೋದಾಗ, ಅರಮನೆಯ ಜರ್ಮನ್ ಮಾತಾಡುವ ಹೆಂಗಸರೇ ದೇಶವನ್ನು ಪರರ ಯುದ್ಧಕ್ಕೆ ಎಳೆದರು ಎಂಬ ಗೊಣಗಾಟ ಎದ್ದಿತು. ವಾರ್ಸಾ, ವಿಯೆನ್ನಾ, ಮ್ಯಾಡ್ರಿಡ್, ಫ್ಲಾರೆನ್ಸ್‌ಗಳಲ್ಲಿ ಮರಿಯಾಳ ಮಕ್ಕಳು, ಮೊಮ್ಮಕ್ಕಳೇ ಇದ್ದ ಕಾಲ. ಸುದ್ದಿ ಮನೆಮಾತಿನ ಹಾಗೆ ಹರಿಯುತ್ತಿತ್ತು, ರಾಯಭಾರಿಗಳನ್ನು ಕಾಯಬೇಕಿರಲಿಲ್ಲ. 1624ರಲ್ಲಿ ರಾಣಿ ಝಿವಿಯೆಟ್ಸ್ ಸೀಮೆಯನ್ನು ಕೊಂಡಳು. ಕುಲೀನರು ಕೆರಳಿ, ರಾಜಮನೆತನದವರು ಸೇಯ್ಮಿನ ಒಪ್ಪಿಗೆಯಿಲ್ಲದೆ ಭೂಮಿ ಕೊಳ್ಳಬಾರದೆಂದು 1631ರಲ್ಲಿ ಕಾನೂನು ಮಾಡಿದರು.

ಇನ್ನು ಉಪಪತ್ನಿಯ ಮಾತು. ಈ ಹೆಸರು ಇಂದಿಗೂ ಆಕೆಯ ಬೆನ್ನು ಬಿಟ್ಟಿಲ್ಲ. ಆಧಾರ ಏನು ಎಂದು ಹುಡುಕಿದರೆ ವಿರೋಧಿಗಳ ಬೈಗುಳ ಬಿಟ್ಟು ಗಟ್ಟಿಯಾದದ್ದು ಸಿಗುವುದಿಲ್ಲ. ಎದುರು ಪಕ್ಕಕ್ಕೆ ತೂಗುವ ಸಂಗತಿಗಳು ಇವೆ. ಆಕೆಯನ್ನು ಇಟ್ಟುಕೊಂಡದ್ದು ಇಬ್ಬರು ರಾಣಿಯರು, ಒಡಹುಟ್ಟಿದ ಅಕ್ಕತಂಗಿಯರು. ತಾಯಿ ಮರಿಯಾ 1608ರಲ್ಲಿ ಸಾಯುವ ತನಕ ಮಕ್ಕಳ ಸಂಸಾರದ ಮೇಲೆ ಹದ್ದಿನ ಕಣ್ಣಿಟ್ಟವಳು. ಅಕ್ಕನ ಸವತಿಯ ಕೈಗೆ ತಂಗಿಯನ್ನು ಒಪ್ಪಿಸುವ ತಾಯಿ ಆಕೆಯಲ್ಲ. ಕಾನ್ಸ್ಟನ್ಸ್ ತನ್ನ ಮಕ್ಕಳನ್ನು ಇದೇ ಉರ್ಷುಲಾಳ ಕೈಗೆ ಕೊಟ್ಟಳು. ಗಂಡಸೊಬ್ಬ ಅರಸನ ಆಪ್ತನಾಗಿ ನಲವತ್ತು ವರ್ಷ ಉಳಿದರೆ ನಿಷ್ಠೆ ಎನ್ನುತ್ತಾರೆ. ಹೆಂಗಸು ಉಳಿದರೆ ಹಾಸಿಗೆಯ ಕಡೆ ಬೆರಳು ತೋರುತ್ತಾರೆ. ಬೊಬೋಲಾನ ಬಗ್ಗೆ ಈ ಪ್ರಶ್ನೆಯನ್ನು ಕೇಳಿದವರಿಲ್ಲ.

ಕೊನೆಯ ವರ್ಷಗಳು

1631ರ ಜುಲೈ 10ರಂದು ವಾರ್ಸಾದಲ್ಲಿ ರಾಣಿ ಕಾನ್ಸ್ಟನ್ಸ್ ತೀರಿಕೊಂಡಳು. ಉರ್ಷುಲಾಗೆ ಆಗ ಅರವತ್ತೊಂದು, ಎರಡನೆಯ ರಾಣಿಯನ್ನೂ ಕಳುಹಿಸಿಕೊಟ್ಟ ಹಾಗಾಯಿತು. ಅರಸ ಆ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ. 1632ರ ಏಪ್ರಿಲಿನ ಕೊನೆಯ ವಾರದಲ್ಲಿ ಲಕ್ವ ಹೊಡೆಯಿತು, 30ರಂದು ಕೊನೆಯುಸಿರೆಳೆದ. ಅರಸ ಸತ್ತೊಡನೆ ಆಪ್ತರು ಚದುರಿ ಹೋಗುವುದು ಎಲ್ಲ ಅರಮನೆಗಳ ರೂಢಿ. ಉರ್ಷುಲಾ ಅಲ್ಲೇ ಉಳಿದಳು. 1619ರಲ್ಲಿ ಹುಟ್ಟಿದ ರಾಜಕುಮಾರಿ ಅನ್ನಾ ಕತರೀನಾಳಿಗೆ ಆಗ ಹದಿಮೂರು ತುಂಬುತ್ತಿತ್ತು, ತಾಯಿತಂದೆ ಇಬ್ಬರೂ ಇಲ್ಲ. ಹೊಸ ಅರಸನಾಗಿ ಚುನಾಯಿತನಾದವನು ವ್ಲಾಡಿಸ್ಲಾವ್, ಎರಡು ವರ್ಷ ಎಂಟು ತಿಂಗಳ ಮಗುವಾಗಿದ್ದಾಗ ಉರ್ಷುಲಾಳ ಕೈಗೆ ಬಂದವನು. 1598ರ ಕೆಲಸವೇ ಮತ್ತೆ ಆಕೆಗೆ ಬಂತು: ತಾಯಿಯಿಲ್ಲದ ರಾಜಮಗುವಿನ ಕಾಳಜಿ.

1635ರಲ್ಲಿ ಉರ್ಷುಲಾ ತೀರಿಕೊಂಡಳು. ವಾರ್ಸಾದ ಹಳೆಯ ಪಟ್ಟಣದಲ್ಲಿ, ಸಂತ ಯೋಹಾನನ ದೊಡ್ಡ ಚರ್ಚಿನ ಮಗ್ಗುಲಿಗೇ ಇರುವ ಜೆಸ್ಯೂಟರ ಚರ್ಚಿನಲ್ಲಿ ಹೂಳಿದರು. ಆ ಚರ್ಚಿನ ಕಟ್ಟಡ 1609ರಲ್ಲಿ ಶುರುವಾಗಿ 1626ರಲ್ಲಿ ಮುಗಿದಿತ್ತು. 1655ರಲ್ಲಿ ಸ್ವೀಡನ್ನಿನ ಸೈನ್ಯ ವಾರ್ಸಾ ಹಿಡಿದು ಸೂರೆ ಮಾಡಿದಾಗ ಆ ಸಮಾಧಿಯೂ ಹಾಳಾಯಿತು. ಚರ್ಚನ್ನೇ 1944ರಲ್ಲಿ ಜರ್ಮನ್ನರು ನೆಲಸಮ ಮಾಡಿದರು. ಇಂದು ಅಲ್ಲಿರುವುದು ಯುದ್ಧದ ನಂತರ ಕಟ್ಟಿದ್ದು.

ಆಕೆಯದು ಉಳಿದಿರುವುದು ಪತ್ರಗಳು, ಅವೂ ಆಕೆಯ ಪೆಟ್ಟಿಗೆಯಲ್ಲಿ ಅಲ್ಲ, ಪಡೆದವರ ಮನೆಗಳ ಕಡತಗಳಲ್ಲಿ, ಬೇರೆ ಬೇರೆ ಊರುಗಳಲ್ಲಿ. ಓದುವವರು ಒಂದು ಸಂಗತಿ ಮರೆಯದೆ ಮಾಡಬೇಕು: ಪ್ರತಿ ಪತ್ರದ ತಾರೀಖನ್ನು ಸೆನೆಟರುಗಳ, ಸ್ತಾರೊಸ್ತಾಗಳ ಸಾವಿನ ತಾರೀಖುಗಳ ಪಟ್ಟಿಯ ಪಕ್ಕ ಇಟ್ಟು ನೋಡಬೇಕು. ಹಬ್ಬದ ಹಾರೈಕೆಯಂತೆ ಕಾಣುವ ಪತ್ರ ಯಾರೋ ಸತ್ತ ನಾಲ್ಕನೆಯ ದಿನದ್ದಾಗಿದ್ದರೆ, ಅದರ ಒಳಗಿದ್ದ ಚೀಟಿಯಲ್ಲಿ ಏನಿತ್ತೆಂದು ಊಹಿಸಬಹುದು.